ಮೂಗಿಗಿಂತ ಮೂಗುತಿ ಭಾರ: ಒಂದು ಸಣ್ಣ ಕ್ಯಾಮೆರಾಗೆ ಬ್ಯಾಗ್ ಹುಡುಕಿದ ಕಥೆ

ನಮ್ಮನೆ ಕಪಾಟಲ್ಲಿ ಹೋದ ವಾರದ ತನಕ ನಾಲ್ಕು ಕ್ಯಾಮೆರಾ ಬ್ಯಾಗಿದ್ವು, ಕ್ಯಾಮೆರಾ ಮಾತ್ರ ಒಂದೇ. ಮೊದಲ್ನೇದು ಚರ್ಮದ ಕೇಸು, ಎರಡನೇದು ಬೆಲ್ಟಿಗೆ ಸಿಗಿಸೋ ಪೌಚು, ಮೂರನೇದು ದೊಡ್ಡ ಕ್ಯಾನ್ವಾಸ್ ಬ್ಯಾಗು, ನಾಲ್ಕನೇದು ಈಗ ದಿನಾ ಹೆಗಲಿಗೆ ಬೀಳೋದು. ಈ ನಾಲ್ಕನೇದರವರೆಗೆ ಬರೋಕೆ ಹತ್ರತ್ರ ಎರಡು ವರ್ಷ ಬೇಕಾಯ್ತು, ದುಡ್ಡು ಹೋಗಿದ್ದು ಬೇರೆ. ಇಷ್ಟು ಸಣ್ಣ ವಿಷ್ಯಕ್ಕೆ ಇಷ್ಟುದ್ದ ಬರೀಬೇಕಾ ಅಂತ ಕೇಳ್ತೀರೇನೋ, ಕ್ಯಾಮೆರಾ ತಗೊಳೋ ಮುಂಚೆ ಆರು ತಿಂಗಳು ರಿವ್ಯೂ ಮೇಲೆ ರಿವ್ಯೂ ನೋಡಿದ ನಾನು ಬ್ಯಾಗ್ ತಗೊಳೋವಾಗ ಆರು ನಿಮಿಷಾನೂ ತಲೆ ಕೆಡಿಸ್ಕೊಳ್ಲಿಲ್ಲ, ಅದರ ಫಲ ಅನುಭವಿಸಿದೀನಿ, ಅದಕ್ಕೇ ಬರೀತಿದೀನಿ.

ಕ್ಯಾಮೆರಾ ಫ್ಯೂಜಿಫಿಲ್ಮ್ ಎಕ್ಸ್100ವಿ. 2020ರ ಮಾಡೆಲ್ಲು, ಲೆನ್ಸ್ ಬಿಚ್ಚೋಕಾಗಲ್ಲ, ಇರೋದೇ ಒಂದು 23 ಮಿ.ಮೀ. ಎಫ್2, ಹಳೇ ಫಿಲ್ಮ್ ಲೆಕ್ಕದಲ್ಲಿ 35 ಮಿ.ಮೀ.ಗೆ ಸಮ. ಬ್ಯಾಟರಿ, ಕಾರ್ಡ್ ಎಲ್ಲಾ ಸೇರಿ 478 ಗ್ರಾಂ. ಅದಕ್ಕೂ ಮುಂಚೆ ನನ್ನತ್ರ ಲೆನ್ಸ್ ಬದ್ಲಾಯಿಸೋ ದೊಡ್ಡ ಡಿಎಸ್ಎಲ್ಆರ್ ಕ್ಯಾಮೆರಾ ಇತ್ತು, ಮೂರು ಲೆನ್ಸ್ ಇತ್ತು, ಬೆನ್ನಿಗೆ ಹಾಕೋ ಬ್ಯಾಗಿತ್ತು, ಕೊನೇ ಒಂದು ವರ್ಷ ಅದನ್ನೆಲ್ಲ ಹೊತ್ಕೊಂಡು ಹೋಗೋ ಸೋಮಾರಿತನಕ್ಕೆ ಫೋನಲ್ಲೇ ಫೋಟೋ ತೆಗೀತಾ ಇದ್ದೆ. ಎಲ್ಲಾ ಮಾರಿ ಈ ಒಂದು ಸಣ್ಣದನ್ನ ತಗೊಂಡಾಗ ಇದ್ದ ಖುಷಿ ಏನು ಅಂದ್ರೆ, ಇನ್ಮೇಲೆ ಬ್ಯಾಗೇ ಬೇಡ, ಜೇಬಲ್ಲಿಟ್ಕೊಂಡು ಹೋಗೋದು ಅಷ್ಟೇ ಅಂತ.

ಜೇಬಲ್ಲಿ ಹೋಗುತ್ತೆ, ಸುಳ್ಳೇನಲ್ಲ. ಜಾಕೆಟ್ ಜೇಬಲ್ಲಿ ಹೋಗುತ್ತೆ. ಆದ್ರೆ ಅರ್ಧ ಕೇಜಿ ತೂಕ ಒಂದೇ ಕಡೆ ಜೋತು ಬಿದ್ರೆ ಜಾಕೆಟ್ಟು ಆ ಕಡೆಗೇ ವಾಲುತ್ತೆ, ನಡೆಯುವಾಗ ತೊಡೆಗೆ ಪಟ್ ಪಟ್ ಅಂತ ಹೊಡೀತಾನೇ ಇರುತ್ತೆ, ಬಗ್ಗಿದ್ರೆ ಆಚೆ ಬರೋಕೆ ನೋಡುತ್ತೆ. ಮೂರನೇ ದಿನವೋ ನಾಲ್ಕನೇ ದಿನವೋ ಲೆನ್ಸಿನ ಕ್ಯಾಪು ಜೇಬೊಳಗೇ ಬಿಚ್ಕೊಂಡು, ಲೆನ್ಸಿನ ಸುತ್ತ ಇರೋ ಉಂಗುರದ ಸಂದಿಯಲ್ಲಿ ಬಟ್ಟೆಯ ನಾರು, ಧೂಳು, ಹಳೇ ರಸೀದಿಯ ಚೂರು ಎಲ್ಲಾ ಸೇರ್ಕೊಂಡಿತ್ತು. ಈ ಕ್ಯಾಮೆರಾ ಜೊತೆ ಬರೋ ಕ್ಯಾಪು ಲೋಹದ್ದು, ಒಳಗೆ ಮೆತ್ತಗೆ ಬಟ್ಟೆ ಥರದ್ದು ಅಂಟಿಸಿರ್ತಾರೆ, ಸುಮ್ನೆ ಒತ್ತಿ ಕೂರಿಸೋದು, ನೋಡೋಕೆ ಚೆಂದ ಇದೆ, ಕೂತ್ಕೊಳೋದು ಮಾತ್ರ ಅದರ ಮೂಡಿದ್ದಾಗ. ಇದರ ಕಥೆ ಆಮೇಲೆ ಮತ್ತೆ ಬರುತ್ತೆ.

ಅದೇ ಟೈಮಲ್ಲಿ ನನ್ನ ಫ್ರೆಂಡ್ ಒಬ್ರು ರಿಕೋ ಜಿಆರ್ 3 ಇಟ್ಕೊಂಡಿದ್ರು. ಅದು 257 ಗ್ರಾಂ, ದಪ್ಪ 33 ಮಿ.ಮೀ., ನಿಜವಾಗ್ಲೂ ಪ್ಯಾಂಟ್ ಜೇಬಿಗೆ ಹೋಗೋ ಕ್ಯಾಮೆರಾ. ಅವ್ರು ನಂಗೆ ಬ್ಯಾಗೇ ಬೇಡ ಅಂತ ಬೀಗ್ತಾ ಇದ್ರು, ಆಮೇಲೆ ಒಂದಿನ ಆಕಾಶದ ಫೋಟೋದಲ್ಲಿ ಬೂದಿ ಬಣ್ಣದ ಚುಕ್ಕೆ ಕಾಣಿಸ್ಕೊಳ್ತು. ಅದರ ಲೆನ್ಸು ಆನ್ ಮಾಡಿದಾಗ ಆಚೆ ಬರುತ್ತೆ, ಆಫ್ ಮಾಡಿದ್ರೆ ಒಳಗೆ ಹೋಗುತ್ತೆ, ಹೋಗ್ತಾ ಬರ್ತಾ ಗಾಳಿ ಜೊತೆ ಜೇಬಿನ ಧೂಳನ್ನೂ ಎಳ್ಕೊಳುತ್ತೆ, ಒಳಗೆ ಚಿತ್ರ ಹಿಡಿಯೋ ಸೆನ್ಸರ್ ಮೇಲೆ ಕೂತ್ರೆ ನಾವು ಒರೆಸೋಕಾಗಲ್ಲ, ಲೆನ್ಸ್ ಬಿಚ್ಚೋ ಹಾಗಿಲ್ವಲ್ಲ, ಸರ್ವಿಸಿಗೇ ಕೊಡ್ಬೇಕು. ಅವತ್ತಿಂದ ಅವ್ರೂ ಒಂದು ತೆಳು ಚೀಲದೊಳಗೆ ಹಾಕಿ ಜೇಬಿಗೆ ಇಡ್ತಾರೆ. ಇನ್ನೊಂದು ಕಡೆ ಲೈಕಾ ಕ್ಯೂ3 ಥರದ್ದನ್ನೂ ಕಾಂಪ್ಯಾಕ್ಟ್ ಅಂತಾನೇ ಕರೀತಾರೆ, ಅದು ಬ್ಯಾಟರಿ ಸಮೇತ 743 ಗ್ರಾಂ, ಲೆನ್ಸು ಮುಂದಕ್ಕೆ ಚಾಚಿ ದಪ್ಪ 92 ಮಿ.ಮೀ. ದಾಟುತ್ತೆ. ಹಾಗಾಗಿ ಬ್ಯಾಗಿನ ಚೀಟಿ ಮೇಲೆ "ಕಾಂಪ್ಯಾಕ್ಟ್ ಕ್ಯಾಮೆರಾಗೆ ಸೂಕ್ತ" ಅಂತ ಬರೆದಿದ್ರೆ ಅದಕ್ಕೆ ಕಿಲುಬು ಕಾಸಿನ ಬೆಲೆಯಿಲ್ಲ. 33 ಮಿ.ಮೀ.ಗೂ 92 ಮಿ.ಮೀ.ಗೂ ಒಂದೇ ಬ್ಯಾಗು ಹೇಗೆ ಆಗುತ್ತೆ ಹೇಳಿ.

ಸರಿ, ಮೊದಲ್ನೇ ಖರೀದಿ ಚರ್ಮದ ಕೇಸು. ಹಳೇ ಕಾಲದ ಫಿಲ್ಮ್ ಕ್ಯಾಮೆರಾಗಳಿಗೆ ಇರ್ತಿತ್ತಲ್ಲ, ಕೆಳಗೊಂದು ಅರ್ಧ, ಮೇಲೊಂದು ಅರ್ಧ, ಮುಂದಿಂದ ಬಟನ್ ಬಿಚ್ಚಿದ್ರೆ ಮೂತಿ ಕೆಳಗೆ ಜೋಲುತ್ತೆ, ಅಂಥದ್ದು. ಕ್ಯಾಮೆರಾ ಅದರೊಳಗೆ ಕೂತಾಗ ಏನು ಚೆಂದ ಅಂತೀರಾ, ನಾನು ಮೊದಲ್ನೇ ವಾರ ಫೋಟೋ ತೆಗೆದಿದ್ದಕ್ಕಿಂತ ಕ್ಯಾಮೆರಾದ್ದೇ ಫೋನಲ್ಲಿ ಫೋಟೋ ತೆಗೆದಿದ್ದು ಜಾಸ್ತಿ. ಕೆಲ್ಸಕ್ಕೆ ನಿಂತಾಗ ಗೊತ್ತಾಯ್ತು ಬಂಡವಾಳ. ಮೇಲಿನ ಅರ್ಧ ಬಿಚ್ಚಿದ ಮೇಲೆ ಅದು ಲೆನ್ಸಿನ ಕೆಳಗೆ ನಾಯಿ ನಾಲಿಗೆ ಥರ ನೇತಾಡುತ್ತೆ, ಗಾಳಿ ಬಂದ್ರೆ ಫ್ರೇಮಿಗೇ ಬರುತ್ತೆ, ಪೂರ್ತಿ ಬಿಚ್ಚಿದ್ರೆ ಅದನ್ನ ಇಡೋಕೆ ಇನ್ನೊಂದು ಕೈ ಬೇಕು. ಬ್ಯಾಟರಿ ಬದ್ಲಾಯಿಸ್ಬೇಕು ಅಂದ್ರೆ ತಳದ ಸ್ಕ್ರೂ ತಿರುಗಿಸಿ ಇಡೀ ಕೇಸ್ ಬಿಚ್ಬೇಕು. ಕೆಲವು ಕೇಸಲ್ಲಿ ತಳಕ್ಕೊಂದು ಕಿಟಕಿ ಕೊಟ್ಟಿರ್ತಾರೆ, ನನ್ನದ್ರಲ್ಲಿ ಇರ್ಲಿಲ್ಲ, ನೋಡ್ಲೂ ಇಲ್ಲ ನಾನು.

ಚರ್ಮದ ಕೇಸನ್ನ ನಾನು ಬಿಟ್ಟಿದ್ದು ಅದಕ್ಕಲ್ಲ ಆದ್ರೂ. ಒಂದ್ಸಲ ಕೆಲ್ಸದ ಒತ್ತಡದಲ್ಲಿ ಎರಡು ತಿಂಗಳು ಕ್ಯಾಮೆರಾ ಮುಟ್ಲಿಲ್ಲ, ಕೇಸಲ್ಲಿ ಹಾಕಿ ಬಟನ್ ಮುಚ್ಚಿ ಡ್ರಾಯರಲ್ಲಿಟ್ಟಿದ್ದೆ, ಆಚೆ ಪೂರ್ತಿ ಮಳೆ. ತೆಗೆದಾಗ ಮೂಗಿಗೆ ಮುಗ್ಗಲು ವಾಸ್ನೆ. ಚರ್ಮದ ಹೊಲಿಗೆ ಉದ್ದಕ್ಕೂ ಬಿಳೀ ಪುಡಿ ಪುಡಿ ಬೂಷ್ಟು. ಎದೆ ಧಸಕ್ ಅಂತು, ಟಾರ್ಚ್ ಹಾಕಿ ಲೆನ್ಸೊಳಗೆ ಅರ್ಧ ಗಂಟೆ ನೋಡ್ದೆ, ಪುಣ್ಯಕ್ಕೆ ಒಳಗೇನೂ ಆಗಿರ್ಲಿಲ್ಲ. ಗಾಳಿಯ ತೇವ ಶೇಕಡಾ 60-65 ದಾಟಿ ದಿನಗಟ್ಲೆ ಹಾಗೇ ನಿಂತ್ರೆ ಫಂಗಸ್ಸಿಗೆ ಅಷ್ಟೇ ಸಾಕು, ಚರ್ಮ ತೇವ ಹಿಡ್ಕೊಳುತ್ತೆ, ಅದೇ ಒಂದು ಪ್ರಾಣಿಜನ್ಯ ವಸ್ತು, ಫಂಗಸ್ಸಿಗೆ ಊಟವೂ ಅಲ್ಲೇ ಮನೆಯೂ ಅಲ್ಲೇ. ಲೆನ್ಸೊಳಗೆ ಹೊಕ್ಕಿದ್ರೆ ಅದು ಬಿಡೋ ಆಮ್ಲ ಗಾಜಿನ ಕೋಟಿಂಗನ್ನೇ ತಿನ್ನುತ್ತೆ, ಆಮೇಲೆ ಕ್ಲೀನ್ ಮಾಡಿದ್ರೂ ಕಲೆ ಉಳಿಯುತ್ತೆ. ಅವತ್ತಿಂದ ಒಂದು ನಿಯಮ, ಯಾವ ಬ್ಯಾಗೇ ಆಗ್ಲಿ, ಬ್ಯಾಗಿರೋದು ಓಡಾಡೋಕೆ, ವಾಸಕ್ಕಲ್ಲ. ಮನೇಲಿ ಕ್ಯಾಮೆರಾ ಗಾಳಿಯಾಡದ ಡಬ್ಬೀಲಿ ಸಿಲಿಕಾ ಜೆಲ್ ಜೊತೆ ಮಲಗುತ್ತೆ. ಕೆಲವ್ರು ಸಿಲಿಕಾ ಜೆಲ್ ಪೊಟ್ಟಣಾನ ಬ್ಯಾಗಿಗೇ ಹಾಕಿ ನೆಮ್ಮದಿಯಾಗಿ ಇರ್ತಾರೆ, ದಿನಕ್ಕೆ ಹತ್ಸಲ ತೆಗೆದು ಮುಚ್ಚೋ ಬ್ಯಾಗಲ್ಲಿ ಅದು ಕೆಲವೇ ದಿನಕ್ಕೆ ಹೊಟ್ಟೆ ತುಂಬಿಸ್ಕೊಂಡು ಸುಮ್ನಾಗುತ್ತೆ, ಆಮೇಲೆ ಅದು ಬರೀ ಮಣಿ.

ಎರಡನೇದು ಪೌಚು. ಇದನ್ನ ತಗೊಂಡಿದ್ದು ಅಳತೆ ನೋಡಿ, ಅದೂ ಕ್ಯಾಮೆರಾ ಕಂಪನಿಯವ್ರು ಹಾಕಿರೋ ಅಳತೆ: ಅಗಲ 128, ಎತ್ತರ 75, ದಪ್ಪ 53 ಮಿ.ಮೀ. ಪೌಚಿನ ಒಳಗಿನ ಅಳತೆ ಅದಕ್ಕಿಂತ ಸ್ವಲ್ಪವೇ ಜಾಸ್ತಿ, ಹಾಕಿದ್ರೆ ಕೈಗವಸು ಹಾಕ್ದಂಗೆ ಬಿಗಿಯಾಗಿ ಕೂರುತ್ತೆ, ಅಬ್ಬಾ ಸಿಕ್ತಲ್ಲ ಅಂದ್ಕೊಂಡೆ. ಬಿಗಿ ಇರೋದೇ ರೋಗ ಅಂತ ಗೊತ್ತಾಗೋಕೆ ಒಂದು ತಿಂಗಳಾಯ್ತು.

ಈ ಕ್ಯಾಮೆರಾದಲ್ಲಿ ಮೇಲೆ ಬಲಗಡೆ ಮೂಲೇಲಿ ಎಕ್ಸ್ಪೋಶರ್ ಕಾಂಪೆನ್ಸೇಷನ್ ಡಯಲ್ ಇದೆ, ಅಂದ್ರೆ ಫೋಟೋ ಎಷ್ಟು ಬೆಳ್ಳಗೆ, ಎಷ್ಟು ಕಪ್ಪಗೆ ಬರ್ಬೇಕು ಅಂತ ತಿರುಗಿಸೋ ಚಕ್ರ, ಹೆಬ್ಬೆರಳಿಗೆ ಸಿಗ್ಲಿ ಅಂತ ಅಂಚಿಗೇ ಇಟ್ಟಿದಾರೆ, ಪ್ಲಸ್ 3ರಿಂದ ಮೈನಸ್ 3ರ ತನಕ ತಿರುಗುತ್ತೆ. ಪೌಚಿಂದ ಎಳೆಯುವಾಗ ಒಳಗಿನ ಬಟ್ಟೆ ಆ ಡಯಲ್ಲನ್ನ ಉಜ್ಕೊಂಡು ಬರುತ್ತೆ, ಎಳೆದಾಗ ಒಂದು ಕಟಕ್, ತಳ್ಳಿದಾಗ ಒಂದು ಕಟಕ್. ಒಂದು ಮಧ್ಯಾಹ್ನ ಪೂರ್ತಿ ನಾನು ತೆಗೆದ ಫೋಟೋ ಎಲ್ಲಾ ಮೈನಸ್ 2ರಲ್ಲಿ. ಎಲೆಕ್ಟ್ರಾನಿಕ್ ವ್ಯೂಫೈಂಡರ್, ಅಂದ್ರೆ ಕಣ್ಣಿಟ್ಟು ನೋಡೋ ಕಿಂಡಿಯೊಳಗಿನ ಸಣ್ಣ ಸ್ಕ್ರೀನು, ನೋಡಿದ್ರೆ ಕಪ್ಪಗಿರೋದು ಕಣ್ಣಿಗೆ ಕಾಣ್ತಿತ್ತು, ನಾನು ನೋಡ್ತಿದ್ದಿದ್ದು ಆಪ್ಟಿಕಲ್ಲು, ಅದು ಬರೀ ಗಾಜು, ಕಣ್ಣಿಗೆ ಲೋಕ ಹೇಗಿದ್ಯೋ ಹಾಗೇ ಕಾಣುತ್ತೆ, ಪಕ್ಕದಲ್ಲೊಂದು ಸಣ್ಣ ಸ್ಕೇಲಲ್ಲಿ ಗುರುತು ಇಳಿದಿರುತ್ತೆ ನಿಜ, ಫೋಟೋ ತೆಗೆಯೋ ಭರದಲ್ಲಿ ಅದನ್ನ ಯಾರು ನೋಡ್ತಾರೆ. ಗೆಳೆಯನ ಮಗಳು ಮೊದಲ್ನೇ ಸಲ ಸೈಕಲ್ ಬ್ಯಾಲೆನ್ಸ್ ಮಾಡಿದ ದಿನ ಅದು. ಅಪ್ಪ ಹಿಂದಿಂದ ಸೀಟು ಬಿಟ್ಟಿದ್ದು ಅವಳಿಗೆ ಗೊತ್ತಿಲ್ಲ, ಆ ಮುಖ ನನ್ನ ಫ್ರೇಮಲ್ಲಿದೆ, ಫೋಕಸ್ಸೂ ಸರಿಯಾಗಿದೆ, ಮುಖ ಮಾತ್ರ ಕತ್ತಲಲ್ಲಿದೆ. ಸೆನ್ಸರ್ ಕಂಡಿದ್ದನ್ನೆಲ್ಲ ಹಾಗೇ ಉಳಿಸೋ ರಾ ಫೈಲ್ ಇಟ್ಕೊಂಡಿದ್ರೆ ಎಷ್ಟೋ ಉಳಿಸ್ಬಹುದಿತ್ತು, ನಾನು ಕ್ಯಾಮೆರಾನೇ ಕುಗ್ಗಿಸಿ ಕೊಡೋ ಜೆಪೆಗ್ ಒಂದನ್ನೇ ತೆಗಿಯೋನು. ಎತ್ತಿ ನೋಡ್ದೆ, ನೆರಳೆಲ್ಲ ಕೆಸರಾಯ್ತು.

ಅದೇ ಪೌಚು ಇನ್ನೊಂದು ಕೆಲ್ಸಾನೂ ಮಾಡ್ತಿತ್ತು. ಆನ್ ಆಫ್ ಮಾಡೋ ಲಿವರು ಶಟರ್ ಬಟನ್ ಸುತ್ತಾನೇ ಇದೆ, ಬಿಗಿಯಾಗಿ ತಳ್ಳುವಾಗ ಅದು ಆನ್ ಆಗೋದು, ತಾನೇ ನಿದ್ದೆ ಹೋಗೋ ಸೆಟ್ಟಿಂಗ್ ಇದ್ರೂ ಪೌಚಿನ ಮುಚ್ಚಳ ಶಟರ್ ಬಟನ್ ಒತ್ತಿ ಒತ್ತಿ ಎಬ್ಬಿಸೋದು. ಸಂಜೆಗೆ ಬ್ಯಾಟರಿ ಖಾಲಿ, ಕ್ಯಾಮೆರಾ ಮೈ ಬಿಸಿ. ಈ ಕ್ಯಾಮೆರಾದ ಬ್ಯಾಟರಿ ಮೊದ್ಲೇ ದೊಡ್ಡ ಶೂರ ಅಲ್ಲ, ಎಲೆಕ್ಟ್ರಾನಿಕ್ ವ್ಯೂಫೈಂಡರ್ ಬಳಸಿದ್ರೆ ಕಂಪನಿ ಲೆಕ್ಕದಲ್ಲೇ 350 ಫೋಟೋ, ಅದರಲ್ಲಿ ಅರ್ಧ ಪೌಚು ನುಂಗಿದ್ರೆ ಏನುಳೀತು.

ಇಲ್ಲಿಗೆ ನಂಗೆ ರೇಗಿ ಹೋಯ್ತು, ರೇಗಿದ ಮನುಷ್ಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರ್ತಾನಲ್ಲ, ಹಂಗೇ ಹಾರ್ದೆ. ಮೂರನೇದು ದೊಡ್ಡ ಕ್ಯಾನ್ವಾಸ್ ಹೆಗಲು ಬ್ಯಾಗು, ಹಿತ್ತಾಳೆ ಬಕಲ್ಲು, ಚರ್ಮದ ಪಟ್ಟಿ, ಹಳೇ ಪತ್ರಕರ್ತರ ಗತ್ತು. ಈ ಥರದ ಬ್ಯಾಗುಗಳ ಹಿಂದೆ ಒಳ್ಳೊಳ್ಳೆ ಕಥೆ ಇದೆ, ಅದನ್ನ ಓದಿ ಓದಿನೇ ನಾನು ಹಾಳಾಗಿದ್ದು. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ ಕಂಪನಿ 1973ರಲ್ಲಿ ಶುರುವಾದಾಗ ಮಾಡ್ತಿದ್ದಿದ್ದು ಮೀನು ಹಿಡಿಯೋರ ಬ್ಯಾಗು, ಫೋಟೋಗ್ರಾಫರುಗಳು ಅದನ್ನ ಕ್ಯಾಮೆರಾಗೆ ಬಳಸ್ತಿದಾರೆ ಅಂತ ಗೊತ್ತಾದ ಮೇಲೆ ಈ ಕಡೆ ತಿರುಗಿದ್ರು, ಎರಡು ಪದರ ಬಟ್ಟೆ ಮಧ್ಯೆ ರಬ್ಬರ್ ಪದರ ಇಟ್ಟಿರೋ ಕ್ಯಾನ್ವಾಸು ಅವ್ರದ್ದು, ನೀರು ಒಳಗೆ ಬರಲ್ಲ. ಅಮೆರಿಕದಲ್ಲಿ ಡೊಮ್ಕೆ ಅಂತ, ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯ ಫೋಟೋಗ್ರಾಫರ್ ಜಿಮ್ ಡೊಮ್ಕೆ 1970ರ ದಶಕದಲ್ಲಿ ತನ್ನ ಕೆಲ್ಸಕ್ಕೆ ಅಂತ ಮಾಡ್ಕೊಂಡ ಬ್ಯಾಗು ಅದು, ಆಗಿನ ಗಟ್ಟಿ ಪೆಟ್ಟಿಗೆ ಥರದ ಬ್ಯಾಗು ಸಾಕಾಗಿ, ಮೈಗೆ ಒರಗೋ ಹಾಗೆ ಮೆತ್ತಗೆ ಹೊಲಿಸಿದ್ದು, ಪ್ಯಾಡಿಂಗ್ ಇಲ್ಲ ಅನ್ನೋಷ್ಟು ಕಮ್ಮಿ. ಎರಡೂ ಒಳ್ಳೆ ಬ್ಯಾಗೇ, ಎರಡರಲ್ಲೂ ಸಣ್ಣ ಸೈಜೂ ಸಿಗುತ್ತೆ. ನಾನು ತಗೊಂಡಿದ್ದು ಇವೆರಡೂ ಅಲ್ಲ, ಇವನ್ನ ನೋಡಿ ಹೊಲಿದ ಇನ್ಯಾವ್ದೋ, ಅದೂ ನಾಳೆ ಲ್ಯಾಪ್‌ಟಾಪ್ ಇಡೋಕೂ ಆಗ್ಲಿ ಅಂತ ದೊಡ್ಡ ಸೈಜು.

ಖಾಲಿ ಬ್ಯಾಗನ್ನ ತಕ್ಕಡಿ ಮೇಲಿಟ್ಟೆ, 1 ಕೇಜಿ 150 ಗ್ರಾಂ. ಅದರೊಳಗೆ 478 ಗ್ರಾಂ ಕ್ಯಾಮೆರಾ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅದು ನನ್ನ ಹೆಗಲ ಮೇಲೇ ನೇತಾಡ್ತಿತ್ತು. ಡಿಎಸ್ಎಲ್ಆರ್ ಮಾರಿ ಕಳ್ಕೊಂಡ ಭಾರಾನೆಲ್ಲ ಬ್ಯಾಗಿನ ರೂಪದಲ್ಲಿ ವಾಪಸ್ ತಂದಿದ್ದೆ. ಕ್ಯಾಮೆರಾ ತಳದಲ್ಲಿ ಬಾವಿಗೆ ಬಿದ್ದ ಕೊಡದ ಥರ ಕೂತಿರ್ತಿತ್ತು, ಬಕಲ್ ಬಿಚ್ಚಿ, ಮುಚ್ಚಳ ಎತ್ತಿ, ಒಳಗಿನ ಜಿಪ್ ಎಳೆದು, ಕೈ ಇಳಿಸಿ, ಕೊಡೆ, ಚಾರ್ಜರ್, ಓದದೇ ಇದ್ದ ಪುಸ್ತಕ, ಇಯರ್‌ಫೋನ್ ವೈರು ಎಲ್ಲಾ ದಾಟಿ ಕ್ಯಾಮೆರಾ ಹಿಡ್ಕೊಳೋ ಹೊತ್ತಿಗೆ ಎದುರಿಗಿದ್ದದ್ದು ಹೋಗಿರ್ತಿತ್ತು. ಜಾಗ ಇದ್ರೆ ಸಾಮಾನು ತಾನಾಗೇ ಹುಟ್ಕೊಳುತ್ತೆ, ಇದು ಮನೆಗೂ ನಿಜ ಬ್ಯಾಗಿಗೂ ನಿಜ. ಎರಡು ವಾರ ಹೊತ್ತೆ, ಮೂರನೇ ವಾರ ಸಣ್ಣ ಕೆಲ್ಸಕ್ಕೆ ಆಚೆ ಹೋಗುವಾಗ ಇದ್ಯಾಕೆ ಅಂತ ಬಿಟ್ಟು ಹೋದೆ, ಆಮೇಲೆ ಬಿಟ್ಟು ಹೋಗೋದೇ ರೂಢಿ ಆಯ್ತು. ಅಂದ್ರೆ ಸುತ್ತಿ ಸುತ್ತಿ ಮತ್ತೆ ಫೋನಲ್ಲೇ ಫೋಟೋ.

ಇಷ್ಟಾದ ಮೇಲೆ ಒಂದು ಭಾನುವಾರ ಕೂತ್ಕೊಂಡು ಟೇಪ್ ತಗೊಂಡು ಕ್ಯಾಮೆರಾನ ನಾನೇ ಅಳೆದೆ, ಮೊದಲ್ನೇ ದಿನ ಮಾಡ್ಬೇಕಾಗಿದ್ದ ಕೆಲ್ಸ. ಬರೀ ಕ್ಯಾಮೆರಾ ಅಲ್ಲ, ನಾನು ಹೇಗೆ ಹಿಡ್ಕೊಂಡು ಓಡಾಡ್ತೀನೋ ಹಾಗೆ. ಅಷ್ಟೊತ್ತಿಗೆ ಲೆನ್ಸಿಗೆ ಫಿಲ್ಟರ್ ಕೂರಿಸೋ ಅಡಾಪ್ಟರ್ ರಿಂಗು, ಅದಕ್ಕೆ ಫಿಲ್ಟರ್ ಗಾಜು ಹಾಕಿದ್ದೆ, ಈ ಕ್ಯಾಮೆರಾಗೆ ಮಳೆ ಧೂಳು ತಡೆಯೋ ಶಕ್ತಿ ಪೂರ್ತಿ ಬರೋದೇ ಆ ರಿಂಗು ಮತ್ತೆ 49 ಮಿ.ಮೀ. ಫಿಲ್ಟರ್ ಎರಡೂ ಕೂತ ಮೇಲೆ, ಅಲ್ಲಿ ತನಕ ಲೆನ್ಸಿನ ಮುಂಭಾಗ ಒಂದು ತೆರೆದ ಬಾಗ್ಲೇ. ಅದರ ಮೇಲೊಂದು ಹುಡ್ಡು, ಲೆನ್ಸಿಗೆ ಅಡ್ಡ ಬೆಳಕು ಬೀಳ್ದಂಗೆ ತಡೆಯೋ ಬಳೆ. ಎಲ್ಲಾ ಸೇರಿ 53 ಇದ್ದ ದಪ್ಪ 70ರ ಮೇಲೆ ಹೋಗಿತ್ತು. ಕುತ್ತಿಗೆ ಪಟ್ಟಿ ಮಡಚಿ ಪಕ್ಕಕ್ಕಿಟ್ರೆ ಅದೇ ಕ್ಯಾಮೆರಾದ ಅರ್ಧದಷ್ಟು ಜಾಗ ತಿನ್ತಿತ್ತು. ಬ್ಯಾಗಿನ ಜಾಗದ ಮೂರನೇ ಒಂದು ಭಾಗ ಹೋಗ್ತಿದ್ದಿದ್ದು ಪಟ್ಟಿಗೆ ಅಂತ ಗೊತ್ತಾದಾಗ ನಗು ಬಂತು. ಬ್ಯಾಗೇ ಹೆಗಲಿಗಿರುವಾಗ ಕ್ಯಾಮೆರಾ ಕುತ್ತಿಗೇಲಿ ಯಾಕೆ ನೇತಾಡ್ಬೇಕು. ಪಟ್ಟಿ ಕಿತ್ತು ಹಾಕಿ ಮಣಿಕಟ್ಟಿಗೆ ಹಾಕೋ ಸಣ್ಣ ಹಗ್ಗ ಹಾಕ್ದೆ, ಆ ಒಂದೇ ಬದಲಾವಣೆಗೆ ಬೇಕಾಗಿದ್ದ ಬ್ಯಾಗಿನ ಸೈಜು ಒಂದು ಮೆಟ್ಲು ಇಳೀತು. ಪಟ್ಟಿ ಸಿಗಿಸೋ ಲೋಹದ ತ್ರಿಕೋನ ಕೊಂಡಿಗಳೂ ಹೋದ್ವು, ಅವು ಬ್ಯಾಗೊಳಗೆ ಅಲ್ಲಾಡಿ ಅಲ್ಲಾಡಿ ಕ್ಯಾಮೆರಾ ಮೈಗೇ ಗೀರು ಹಾಕ್ತಿದ್ವು.

ಆಮೇಲೆ ರಟ್ಟಲ್ಲಿ ಅದೇ ಅಳತೆಯ ಒಂದು ಡಬ್ಬಿ ಮಾಡ್ದೆ, ಹುಡ್ಡಿನ ಜಾಗಕ್ಕೆ ಟೇಪಿನ ಉರುಳೆ ಅಂಟಿಸ್ದೆ, ಮನೇಲಿ ನೋಡ್ದವ್ರೆಲ್ಲ ನಕ್ರು. ಆ ಡಬ್ಬಿ ಇಟ್ಕೊಂಡು ಟೇಬಲ್ ಮೇಲೆ ಪುಸ್ತಕ ಜೋಡಿಸಿ ಗೋಡೆ ಕಟ್ಟಿ ಯಾವ ಥರ ಇಟ್ರೆ ಕೈಗೆ ಸರಿ ಬರುತ್ತೆ ಅಂತ ನೋಡ್ತಾ ಹೋದೆ. ಮೂರು ಥರ ಇಡ್ಬಹುದು: ಬೆನ್ನ ಮೇಲೆ ಮಲಗಿಸಿ ಲೆನ್ಸ್ ಆಕಾಶಕ್ಕೆ, ತಳ ಕೆಳಗೆ ಇಟ್ಟು ನೆಟ್ಟಗೆ ನಿಲ್ಲಿಸಿ, ಇಲ್ಲಾ ಪಕ್ಕಕ್ಕೆ ತಿರುಗಿಸಿ ಎಡಗಡೆ ಕೆಳಗೆ, ಗ್ರಿಪ್ ಇರೋ ಬಲಗಡೆ ಮೇಲೆ. ಮೊದಲ್ನೇದ್ರಲ್ಲಿ ಬೆರಳು ಹಾಕೋಕೆ ಸಂದಿನೇ ಇಲ್ಲ, ಎರಡು ಬೆರಳಲ್ಲಿ ಲೆನ್ಸ್ ಹಿಡಿದು ಎತ್ಬೇಕು. ಎರಡನೇದು ಪರವಾಗಿಲ್ಲ, ಮೇಲಿನ ಪ್ಲೇಟ್ ಹಿಡಿದು ಎತ್ತುವಾಗ ಡಯಲ್ ತಿರುಗುತ್ತೆ, ನಂಗೆ ಅದು ಕಂಡ್ರೇನೇ ಭಯ. ಮೂರನೇದ್ರಲ್ಲಿ ಕೈ ಇಳಿಸಿದ ತಕ್ಷಣ ಗ್ರಿಪ್ ಅಂಗೈಗೆ ಬರುತ್ತೆ, ಎತ್ತಿದ್ರೆ ಕ್ಯಾಮೆರಾ ಆಗ್ಲೇ ಫೋಟೋ ತೆಗೆಯೋ ಹಿಡಿತದಲ್ಲೇ ಇರುತ್ತೆ, ಬೆರಳು ಶಟರ್ ಹತ್ರ. ಇನ್ನೊಂದು ಲಾಭ ಆಮೇಲೆ ಕಂಡಿದ್ದು, ಡಯಲ್ ಬ್ಯಾಗಿನ ಬಾಯಿ ಹತ್ರಾನೇ ಇರೋದ್ರಿಂದ ಎತ್ತುವಾಗ ಮೊದ್ಲು ಕಣ್ಣಿಗೆ ಬೀಳೋದೇ ಅದು, ಸೊನ್ನೆ ಮೇಲಿದ್ಯಾ ಇಲ್ವಾ ನೋಡ್ಕೊಂಡೇ ಎತ್ಬಹುದು. ಹಾಗೆ ನಿಲ್ಲಿಸ್ಬೇಕು ಅಂದ್ರೆ ಬ್ಯಾಗಿನ ಒಳಗಿನ ಆಳ 14 ಸೆಂಟಿಮೀಟರ್ ಆದ್ರೂ ಬೇಕು, ಅಗಲ 9, ದಪ್ಪ 8. ಸುತ್ತ ಒಂದು ಬೆರಳು ಸಡಿಲ ಬೇಕೇ ಬೇಕು, ಇದು ಪೌಚು ಕಲಿಸಿದ ಪಾಠ.

ಈ ಮೂರು ನಂಬರ್ ಕೈಲಿಟ್ಕೊಂಡು ಅಂಗಡಿಗೆ ಹೋದಾಗ ಅರ್ಧಕ್ಕರ್ಧ ಬ್ಯಾಗು ನೋಡೋ ಮುಂಚೇನೇ ಬಿದ್ದೋಯ್ತು. ಉಳಿದಿದ್ದಕ್ಕೆ ನನ್ನ ಪರೀಕ್ಷೆ ಒಂದೇ: ಬ್ಯಾಗ್ ಹೆಗಲಿಗೆ ಹಾಕ್ಕೊಂಡು, ಕ್ಯಾಮೆರಾ ಒಳಗಿಟ್ಟು, ಮುಚ್ಚಿ, ಬೇರೆ ಕಡೆ ನೋಡ್ತಾ ಒಂದೇ ಕೈಲಿ ತೆಗೀಬೇಕು. ಒಂದು, ಎರಡು, ಮೂರು ಎಣಿಸೋದ್ರೊಳಗೆ ಕಣ್ಣಿಗೆ ಬಂದಿರ್ಬೇಕು. ಆಮೇಲೆ ವಾಪಸ್ ಇಡೋದೂ ಒಂದೇ ಕೈಲಿ. ತೆಗೆಯೋದನ್ನ ಎಲ್ರೂ ನೋಡ್ತಾರೆ, ಇಡೋದನ್ನ ಯಾರೂ ನೋಡಲ್ಲ, ಬ್ಯಾಗಿನ ಬಾಯಿ ತಾನಾಗೇ ಮುಚ್ಕೊಳೋ ಮೆತ್ತನೆ ಬಟ್ಟೆಯಾಗಿದ್ರೆ ಇಡೋಕೆ ಎರಡು ಕೈ ಬೇಕೇ ಬೇಕು, ಎರಡು ಕೈ ಬೇಕಾದ್ರೆ ಇಡಲ್ಲ, ಕೈಲೇ ಹಿಡ್ಕೊಂಡಿರ್ತೀವಿ, ಕೈಲೇ ಹಿಡ್ಕೊಂಡಿದ್ದಾಗ್ಲೇ ಬೀಳೋದು. ಅಂಗಡಿಯವ್ರು ನನ್ನನ್ನ ವಿಚಿತ್ರವಾಗಿ ನೋಡಿದ್ದು ಹೌದು, ಬ್ಯಾಗಿಂದ ಕ್ಯಾಮೆರಾ ತೆಗೆದು ಇಟ್ಟು ತೆಗೆದು ಇಟ್ಟು ಇಪ್ಪತ್ತು ನಿಮಿಷ ನಿಂತಿದ್ದೆ.

ಪ್ಯಾಡಿಂಗ್ ಬಗ್ಗೆ ಜನ ಕೊಡೋ ಗಮನ ಜಾಸ್ತಿ ಅಂತ ನನ್ನ ಅಭಿಪ್ರಾಯ, ಅದೂ ತಪ್ಪು ಜಾಗಕ್ಕೆ. ಪಕ್ಕದ ಗೋಡೆ ಒತ್ತಿ ನೋಡ್ತಾರೆ, ಇಷ್ಟು ದಪ್ಪ ಇದೆ ಅಂತ ಖುಷಿ ಪಡ್ತಾರೆ. ನಿಜವಾಗಿ ಪೆಟ್ಟು ಬೀಳೋದು ತಳಕ್ಕೆ, ದಿನಕ್ಕೆ ಹತ್ಸಲ ಬ್ಯಾಗನ್ನ ಟೇಬಲ್ ಮೇಲೆ, ನೆಲದ ಮೇಲೆ ಧೊಪ್ ಅಂತ ಇಡ್ತೀವಿ, ಕೆಲವು ಬ್ಯಾಗಲ್ಲಿ ನಾಲ್ಕೂ ಕಡೆ ಸ್ಪಂಜು, ತಳದಲ್ಲಿ ಬರೀ ಎರಡು ಪದರ ಬಟ್ಟೆ. ಒಳಗಿಂದ ಒಂದು ಬೆರಳು ಹೊರಗಿಂದ ಒಂದು ಬೆರಳು ಇಟ್ಟು ತಳಾನ ಚಿವುಟಿ ನೋಡಿ, ಬೆರಳಿಗೆ ಬೆರಳು ಸಿಕ್ರೆ ಆ ಬ್ಯಾಗು ಬೇಡ. ಸ್ಪಂಜಿನ ದಪ್ಪಕ್ಕಿಂತ ಜಾತಿ ಮುಖ್ಯ, ಪಾತ್ರೆ ಉಜ್ಜೋ ಸ್ಪಂಜಿನ ಥರ ಪುಸ್ ಅಂತ ಕುಸಿಯೋದು ಎರಡು ಸೆಂಟಿಮೀಟರ್ ಇದ್ರೂ ದಂಡ, ಗಟ್ಟಿಯಾಗಿ ಒತ್ತಿ ಬಿಟ್ರೆ ತಕ್ಷಣ ವಾಪಸ್ ಬರೋ ಅಂಥದ್ದು ಅರ್ಧ ಸೆಂಟಿಮೀಟರ್ ಇದ್ರೂ ಇಂಥ ಸಣ್ಣ ಕ್ಯಾಮೆರಾಗೆ ಸಾಕು.

ಮುಚ್ಚೋ ವಿಧಾನದ ಮೇಲೆ ನಂಗೆ ತುಂಬಾ ಹಟ ಇದೆ. ವೆಲ್ಕ್ರೋ ಬೇಡವೇ ಬೇಡ, ನಿಶ್ಶಬ್ದವಾಗಿರೋ ಜಾಗದಲ್ಲಿ ಚರ್ರ್ ಅಂತ ಬಿಚ್ಚಿದ್ರೆ ಎಲ್ರೂ ತಿರುಗಿ ನೋಡ್ತಾರೆ, ಶಟರ್ ಸದ್ದೇ ಇಲ್ಲದ ಕ್ಯಾಮೆರಾ ಇಟ್ಕೊಂಡು ಬ್ಯಾಗಲ್ಲಿ ಗಲಾಟೆ ಮಾಡೋದು ಯಾವ ನ್ಯಾಯ. ಬಕಲ್ಲು ನಿಧಾನ. ಜಿಪ್ ಸರಿ, ಆದ್ರೆ ಒಳಗಡೆ ಜಿಪ್ಪಿನ ಹಲ್ಲಿಗೆ ಬಟ್ಟೆಯ ಅಂಚು ಅಡ್ಡ ಇರ್ಬೇಕು, ಇಲ್ಲಾಂದ್ರೆ ಒಂದೊಂದ್ಸಲ ತೆಗೆದಾಗ್ಲೂ ಸ್ಕ್ರೀನಿಗೆ ಒಂದೊಂದು ಗೀರು, ನನ್ನ ಕ್ಯಾಮೆರಾದ ಹಿಂಭಾಗದಲ್ಲಿ ಪೌಚಿನ ಕಾಲದ ಎರಡು ಗೀರು ಈಗ್ಲೂ ಇವೆ. ಮ್ಯಾಗ್ನೆಟ್ ಇರೋ ಮುಚ್ಚಳ ನಂಗಿಷ್ಟ, ಕೈ ಬಿಟ್ರೆ ತಾನೇ ಕೂರುತ್ತೆ. ಮ್ಯಾಗ್ನೆಟ್ಟಿಂದ ಮೆಮೊರಿ ಕಾರ್ಡ್ ಅಳಿಸಿ ಹೋಗುತ್ತೆ ಅಂತ ಒಬ್ರು ಹೆದರಿಸಿದ್ರು, ಅದೇನೂ ಆಗಲ್ಲ, ಎಸ್‌ಡಿ ಕಾರ್ಡಲ್ಲಿ ಡೇಟಾ ಇರೋದು ವಿದ್ಯುತ್ ಚಾರ್ಜ್ ರೂಪದಲ್ಲಿ, ಹಳೇ ಕ್ಯಾಸೆಟ್ ಥರ ಕಾಂತದಲ್ಲಲ್ಲ. ಬ್ಯಾಂಕ್ ಕಾರ್ಡಿನ ಕಪ್ಪು ಪಟ್ಟಿ ಬೇರೆ ವಿಷ್ಯ, ಅದನ್ನ ಆ ಮುಚ್ಚಳದ ಹತ್ರ ಇಡ್ಬೇಡಿ. ಫೋನ್ ಪಕ್ಕದಲ್ಲಿಟ್ರೆ ಅದರ ದಿಕ್ಸೂಚಿ ತಲೆ ಕೆಟ್ಟಂಗಾಡುತ್ತೆ, ನಂದು ಒಂದ್ಸಲ ಉತ್ತರಾನ ನನ್ನ ಹೊಟ್ಟೆ ಕಡೆ ತೋರಿಸ್ತು.

ಕೊನೆಗೆ ಎರಡು ಬ್ಯಾಗು ಉಳೀತು, ಒಂದನ್ನ ವಾಪಸ್ ಮಾಡ್ಬಹುದು ಅನ್ನೋ ಮಾತಿನ ಮೇಲೆ ಎರಡೂ ತಂದೆ. ಎರಡ್ರ ಮೇಲೂ ನೀರು ನಿಲ್ಲಲ್ಲ ಅಂತ ಬರೆದಿತ್ತು. ಒಳಗೆ ಪೇಪರ್ ಉಂಡೆ ಮಾಡಿ ತುರುಕಿ ಬಾತ್ರೂಮಲ್ಲಿ ಶವರ್ ಕೆಳಗೆ ಐದು ನಿಮಿಷ ನೇತು ಹಾಕ್ದೆ (ವಾಪಸ್ ಮಾಡೋ ಬ್ಯಾಗಿಗೆ ಹೀಗೆ ಮಾಡೋದು ಸರೀನಾ ಅಂತ ಕೇಳ್ಬೇಡಿ, ಸರಿಯಲ್ಲ, ಆಮೇಲೆ ಒಣಗಿಸಿದೀನಿ). ತೆಗೆದು ನೋಡಿದ್ರೆ ಎರಡ್ರಲ್ಲೂ ಬಟ್ಟೆಯಿಂದ ಒಂದು ಹನಿ ಒಳಗೆ ಬಂದಿಲ್ಲ. ಒಂದ್ರಲ್ಲಿ ಜಿಪ್ ಮುಗಿಯೋ ತುದೀಲಿ ಪೇಪರ್ ಒದ್ದೆ, ಮತ್ತೆ ಹೆಗಲು ಪಟ್ಟಿ ಹೊಲಿದಿರೋ ಕಡೆ ದಾರದ ತೂತಲ್ಲಿ ನೀರು ಇಳಿದು ಒಂದು ಉದ್ದ ಗೆರೆ. ಇನ್ನೊಂದ್ರಲ್ಲಿ ಮುಚ್ಚಳ ಜಿಪ್ ಮೇಲೆ ಎರಡು ಬೆರಳಷ್ಟು ಇಳಿದು ಬಂದಿತ್ತು, ಮಳೆಗೆ ಸೂರು ಇದ್ದಂಗೆ, ಪೇಪರ್ ಗರಿ ಗರಿ. ಬಟ್ಟೆ ಎಷ್ಟು ಡೀನಿಯರ್ (ನೂಲು ಎಷ್ಟು ದಪ್ಪ ಅನ್ನೋ ಲೆಕ್ಕ), ಯಾವ ಕೋಟಿಂಗು ಅಂತ ಚೀಟೀಲಿ ಉದ್ದುದ್ದ ಬರೀತಾರೆ, ನೀರು ಬರೋದು ಹೊಲಿಗೇಲಿ. ಇದ್ರಲ್ಲೇ ತೀರ್ಮಾನ ಆಗೋಯ್ತು.

ಹಾಗಾಗಿ ಈಗಿರೋದು ಒಂದು ಸಣ್ಣ ಸ್ಲಿಂಗು, ಎರಡೂವರೆ ಲೀಟರ್, ಬೂದು ಬಣ್ಣ, ಖಾಲಿ ತೂಕ 340 ಗ್ರಾಂ. ಎದೆಗೆ ಅಡ್ಡ ಹಾಕ್ಕೊಂಡ್ರೆ ಪಕ್ಕೆಗೆ ಬಂದು ಕೂರುತ್ತೆ, ಕೂತ್ಕೊಳೋವಾಗ ಮುಂದೆ ತಿರುಗಿಸಿ ತೊಡೆ ಮೇಲಿಟ್ಕೊಂಡ್ರೆ ಆಯ್ತು. ಒಳಗೆ ಕ್ಯಾಮೆರಾ, ಒಂದು ಬ್ಯಾಟರಿ, ಒಂದು ಕಾರ್ಡು, ಒರೆಸೋ ಬಟ್ಟೆ, ಮನೆ ಬೀಗದ ಕೈ ಬೇರೆ ಜೇಬಲ್ಲಿ, ಕ್ಯಾಮೆರಾ ಜೊತೆ ಯಾವತ್ತೂ ಅಲ್ಲ. ಇನ್ನೇನೂ ಹಿಡಿಸಲ್ಲ, ಕೊಡೆ ಹಿಡಿಸಲ್ಲ, ಪುಸ್ತಕ ಹಿಡಿಸಲ್ಲ, ಅದೇ ನಂಗೆ ಬೇಕಾಗಿದ್ದು. ಕ್ಯಾಮೆರಾ ಬ್ಯಾಗು ಅಂತ ಗೊತ್ತಾಗಲ್ಲ, ಮೇಲೆ ದೊಡ್ಡಕ್ಷರದಲ್ಲಿ ಕ್ಯಾಮೆರಾ ಕಂಪನಿ ಹೆಸ್ರಿಲ್ಲ, ಗದ್ದಲದಲ್ಲಿ ಅದೂ ಒಂದು ನೆಮ್ಮದಿ.

ಕೊರತೆ ಇಲ್ಲ ಅಂತಲ್ಲ. ಪಟ್ಟಿ ಬಿಗಿ ಮಾಡಿದ ಮೇಲೆ ಉಳಿಯೋ ಬಾಲ ಗಾಳಿಗೆ ಪಟಪಟ ಅಂತ ಮುಖಕ್ಕೆ ಹೊಡೀತಿತ್ತು, ಕತ್ತರಿಸಿ ತುದಿ ಸುಟ್ಟೆ. ಪಟ್ಟಿ ಇನ್ನೊಂದು ಬೆರಳು ಅಗಲ ಇದ್ದಿದ್ರೆ ಚೆನ್ನಾಗಿತ್ತು, ತೆಳ್ಳಗಿನ ಅಂಗಿ ಹಾಕಿದ್ರೆ ಸಂಜೆಗೆ ಕುತ್ತಿಗೆ ಹತ್ರ ಕೆಂಪಾಗುತ್ತೆ. ಓಡಿದ್ರೆ ಬ್ಯಾಗು ಕುಣಿಯುತ್ತೆ, ಒಂದು ಕೈಲಿ ಒತ್ತಿ ಹಿಡ್ಕೊಂಡೇ ಓಡ್ಬೇಕು. ಒಳಗಿನ ಬಟ್ಟೆ ಕಪ್ಪು, ಕಾರ್ಡು ಬಿದ್ರೆ ಕತ್ತಲಲ್ಲಿ ತಡಕಾಡ್ಬೇಕು, ಒಳಗೆ ತಿಳಿ ಬಣ್ಣ ಹಾಕೋಕೆ ಇವ್ರಿಗೆಲ್ಲ ಏನು ರೋಗವೋ ಗೊತ್ತಿಲ್ಲ. ಆದ್ರೂ ಹೋದ ಎಂಟು ತಿಂಗಳಲ್ಲಿ ಮನೇಲಿ ಬಿಟ್ಟು ಹೋಗಿದ್ದು ಮೂರೋ ನಾಲ್ಕೋ ದಿನ, ಅಷ್ಟೇ.

ಹೋದ ವಾರ ಆ ದೊಡ್ಡ ಕ್ಯಾನ್ವಾಸ್ ಬ್ಯಾಗನ್ನ ಲ್ಯಾಪ್‌ಟಾಪ್ ಒಯ್ಯೋಕೆ ಬೇಕು ಅಂತ ತಮ್ಮ ಕೇಳ್ದ, ಕೊಡೋ ಮುಂಚೆ ತಲೆಕೆಳಗೆ ಮಾಡಿ ಕೊಡವಿದೆ. ಎರಡು ಪೆನ್ನು, ಒಂದು ಸವೆದ ರಬ್ಬರು, ಯಾವ್ದೋ ಟಿಕೆಟ್ಟು, ಆಮೇಲೆ ಒಳಗಿನ ಜೇಬಿನ ಹೊಲಿಗೆ ಬಿಟ್ಟಿದ್ದ ಮೂಲೇಲಿ ಏನೋ ಗಟ್ಟಿಯಾಗಿ ಸಿಕ್ತು, ಬೆರಳು ತೂರಿಸಿ ಎಳೆದೆ. ಲೆನ್ಸ್ ಕ್ಯಾಪು, ಲೋಹದ್ದು, ಒಳಗಿನ ಬಟ್ಟೆ ಸಮೇತ, ಒಂದು ಗೀರೂ ಇಲ್ಲ, ಕಳೆದೇ ಹೋಯ್ತು ಅಂತ ಒಂದೂವರೆ ವರ್ಷದ ಹಿಂದೆ ಬಿಟ್ಟಿದ್ದು. ಖುಷಿಯಾಗಿ ಓಡಿ ಹೋಗಿ ಕ್ಯಾಮೆರಾಗೆ ಹಾಕೋಕೆ ನೋಡ್ದೆ. ಈಗ ಅಡಾಪ್ಟರ್ ರಿಂಗು, ಫಿಲ್ಟರ್ ಇದ್ಯಲ್ಲ, ಕೂರಲ್ಲ.